ಶೇಂಗಾ ಹಿಂಡಿ ವಾಪಸ್ ಬಂತು, ರಿಪೋರ್ಟಿನಲ್ಲಿ ಅಫ್ಲಾಟಾಕ್ಸಿನ್ ಅಂತಿದೆ. ತಪ್ಪಾಗಿದ್ದು ಎಲ್ಲಿ?

ಹಿಂಡಿ ಅಕ್ಕ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೊಂದು ಹೆಣ್ಣುಮಕ್ಕಳ ಸಂಘ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ರೊಟ್ಟಿ ಜೊತೆ ತಿನ್ನುವ ಶೇಂಗಾ ಚಟ್ನಿಪುಡಿ), ಗುರೆಳ್ಳು ಪುಡಿ, ಅಗಸಿ ಪುಡಿ ಮಾಡಿ ಮಾರುತ್ತೇವೆ. ಹೋದ ತಿಂಗಳು ಬೆಂಗಳೂರಿನ ಒಂದು ಅಂಗಡಿಗೆ 40 ಕೆಜಿ ಶೇಂಗಾ ಹಿಂಡಿ ಕಳಿಸಿದ್ದೆವು. ಅವರು ಅದನ್ನು ಲ್ಯಾಬಿಗೆ ಕೊಟ್ಟು ನೋಡಿದ್ದಾರೆ. ಮೊನ್ನೆ ಇಡೀ ಮಾಲು ವಾಪಸ್ ಬಂತು. ಜೊತೆಗೆ ಒಂದು ಹಾಳೆ. ಅದರಲ್ಲಿ "ಒಟ್ಟು ಅಫ್ಲಾಟಾಕ್ಸಿನ್ 38" ಅಂತ ಇದೆ, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ.

ನಾವು ತಲೆಗೆ ಟೊಪ್ಪಿಗೆ ಹಾಕುತ್ತೇವೆ. ಕೈ ತೊಳೆಯದೆ ಯಾರೂ ಒಳಗೆ ಬರುವುದಿಲ್ಲ. ಮಿಕ್ಸರ್ ಜಾರ್ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಇಡುತ್ತೇವೆ. ಆಹಾರ ಪರವಾನಗಿಯ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೇ ಇದೆ. ವಾಪಸ್ ಬಂದ ಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು ನೋಡಿದೆ, ರುಚಿಯಲ್ಲಿ ಏನೂ ಫರಕು ಇಲ್ಲ. ಅಷ್ಟು ಚೆನ್ನಾಗಿ ಹುರಿದ ಶೇಂಗಾದಲ್ಲಿ ವಿಷ ಎಲ್ಲಿಂದ ಬಂತು? ಗೊತ್ತಿದ್ದವರು ಹೇಳಿ. ಸಂಘದವರ ಮುಖ ನೋಡೋಕೆ ಆಗ್ತಿಲ್ಲ.

ಲ್ಯಾಬಿನವ, ರಾಯಚೂರು

ಅಕ್ಕಾ, ಮೊದಲು ಆ ಹಿಂಡಿ ತಿನ್ನುವುದು ನಿಲ್ಲಿಸಿ. ಒಂದು ತುತ್ತಿಗೆ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ದಿನಾ ತಿನ್ನುವ ವಸ್ತುವಲ್ಲ.

ಆ 38 ಅಂದರೆ ಒಂದು ಕೆಜಿಯಲ್ಲಿ 38 ಮೈಕ್ರೋಗ್ರಾಂ. ಟನ್ ಲೆಕ್ಕದಲ್ಲಿ ಹೇಳಿದರೆ, ಒಂದು ಟನ್ ಹಿಂಡಿಯಲ್ಲಿ 38 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಕಡಿಮೆ. ನಮ್ಮ ದೇಶದ ಮಿತಿ, ನೇರವಾಗಿ ತಿನ್ನುವ ಶೇಂಗಾಕ್ಕೆ 10. ಇನ್ನೂ ಹುರಿದು, ಆರಿಸಿ ಬಳಸುವ ಕಾಳಿಗೆ 15. ಯುರೋಪಿನವರು ತಿನ್ನುವ ಶೇಂಗಾಕ್ಕೆ 4 ದಾಟಿದರೆ ಮುಟ್ಟುವುದಿಲ್ಲ.

ಇದು ನಿಮ್ಮ ಕೈಯ ಕೊಳೆಯಿಂದ ಬಂದದ್ದಲ್ಲ. ಆಸ್ಪರ್ಜಿಲಸ್ ಅನ್ನುವ ಬೂಷ್ಟು ಇದೆ, ಅದು ಬಿಡುವ ವಿಷವೇ ಅಫ್ಲಾಟಾಕ್ಸಿನ್. ಆ ಬೂಷ್ಟು ಹೊಲದ ಮಣ್ಣಲ್ಲೇ ಇರುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಗಿಡ ಬಾಡಿದರೆ ಕಾಯಿಯೊಳಗೆ ಹೊಕ್ಕುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಚೀಲದಲ್ಲೇ ಬೆಳೆಯುತ್ತದೆ. ಹುರಿದರೆ ಬೂಷ್ಟು ಸಾಯುತ್ತದೆ. ಅದು ಬಿಟ್ಟುಹೋದ ವಿಷ ಬಹಳಷ್ಟು ಉಳಿಯುತ್ತದೆ, ಅದಕ್ಕೆ ರುಚಿಯೂ ಇಲ್ಲ ವಾಸನೆಯೂ ಇಲ್ಲ. ಕೆಟ್ಟ ಕಾಳು ಕಹಿ ಇರಬಹುದು, ಆದರೆ ಬೆಳ್ಳುಳ್ಳಿ, ಖಾರ, ಜೀರಿಗೆ ಹಾಕಿ ಕುಟ್ಟಿದ ಮೇಲೆ ಆ ಕಹಿ ಯಾರ ನಾಲಿಗೆಗೆ ಸಿಗಬೇಕು?

ಸುಮ್ನೆ ಕೇಳಿದೆ

ನಮ್ಮಜ್ಜಿ ದಿನಾ ಹಿಂಡಿ ರೊಟ್ಟಿ ತಿಂದು 92 ವರ್ಷ ಬದುಕಿದಳು. ಆಗ ಯಾವ ಲ್ಯಾಬ್ ಇತ್ತು? ಇವೆಲ್ಲ ದೊಡ್ಡ ಕಂಪನಿಯವರು ಸಣ್ಣವರನ್ನು ಬಾಗಿಲು ಮುಚ್ಚಿಸೋಕೆ ಮಾಡಿದ ಕಾನೂನು.

ದಲಾಲಿ ಅಂಗಡಿ, ಬಳ್ಳಾರಿ

ನಿಮ್ಮಜ್ಜಿ ಹಿಂಡಿ ಕುಟ್ಟುವ ಮೊದಲು ಕಾಳನ್ನು ಮರಕ್ಕೆ ಹಾಕಿ ಕೇರಿ, ಕುಂತು ಆರಿಸುತ್ತಿದ್ದಳೋ ಇಲ್ಲವೋ? ಕಹಿ ಕಾಳು ಬಾಯಿಗೆ ಬಂದರೆ ಥೂ ಅಂತ ಉಗುಳುತ್ತಿದ್ದಳೋ ಇಲ್ಲವೋ? ಅದೇ ರೀ ಲ್ಯಾಬು.

ಅಕ್ಕಾ, ನಾನು ಇಪ್ಪತ್ತು ವರ್ಷದಿಂದ ಶೇಂಗಾ ವ್ಯಾಪಾರದಲ್ಲಿದ್ದೇನೆ. ನಮ್ಮವರ ಗುಟ್ಟು ನಾನೇ ಹೇಳುತ್ತೇನೆ, ಬೈದರೆ ಬೈಯಲಿ. ಕಾಯಿಯನ್ನು ಸುಲಿಯುವ ಮಷೀನಿಗೆ ಹಾಕುವ ಮೊದಲು ಅದರ ಮೇಲೆ ನೀರು ಚಿಮುಕಿಸುತ್ತಾರೆ. ಒಣ ಕಾಯಿ ಹಾಕಿದರೆ ಕಾಳು ಒಡೆದು ಬೇಳೆಯಾಗುತ್ತದೆ, ಬೇಳೆಗೆ ರೇಟಿಲ್ಲ. ನೀರು ಹಾಕಿದರೆ ಇಡೀ ಕಾಳು ಬರುತ್ತದೆ, ತೂಕವೂ ಒಂದಿಷ್ಟು ಜಾಸ್ತಿ ಸಿಗುತ್ತದೆ. ಆ ಹಸಿ ಕಾಳನ್ನು ಹಾಗೇ ಚೀಲಕ್ಕೆ ತುಂಬಿ ಗೋಡೌನಿನಲ್ಲಿ ಒಂದರ ಮೇಲೊಂದು ಒಟ್ಟುತ್ತಾರೆ. ತಗಡಿನ ಚಾವಣಿ. ಒಳಗೆ ಕೈ ಇಟ್ಟರೆ ಚೀಲ ಬೆಚ್ಚಗಿರುತ್ತದೆ. ಆ ಬಿಸಿ ಬೂಷ್ಟಿನದು.

ನಾನೂ ಮೊದಲು ಹಾಕಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ ಅಂತ ಹೇಳಿದರೆ ನೀವು ನಂಬಬೇಕು ಅಷ್ಟೇ.

ಹಿಂಡಿ ಅಕ್ಕ, ಕೊಪ್ಪಳ

ಅಣ್ಣಾ, ನೀವು ಹೇಳಿದ್ದು ಓದಿ ಎದೆ ಧಸಕ್ ಅಂತು. ನಮ್ಮ ಹತ್ತಿರ ಅದೇ ಶೇಂಗಾದ ಎರಡು ಚೀಲ ಇನ್ನೂ ಇವೆ. ಒಂದನ್ನು ಈಗಷ್ಟೇ ಬಿಚ್ಚಿದೆ. ಮೇಲಿನ ಕಾಳು ದುಂಡಗೆ, ಗುಲಾಬಿ ಬಣ್ಣ, ನೋಡೋಕೆ ಚೆಂದ. ಮೊಣಕೈ ತನಕ ಕೈ ಇಳಿಸಿ ಒಂದು ಹಿಡಿ ತೆಗೆದೆ. ಒಂದೆರಡು ಕಾಳಿನ ಮೂತಿಯಲ್ಲಿ ಹಸಿರು ಪುಡಿ. ಸುಕ್ಕಿದ ಸಣ್ಣ ಕಾಳು ಸುಮಾರಿದ್ದವು. ಕೆಲವು ಸಿಪ್ಪೆ ತೆಗೆದರೆ ಒಳಗೆ ಹಳದಿ ಬಿಟ್ಟು ಕಂದು.

ಇಷ್ಟು ದಿನ ಅದನ್ನೇ ಹುರಿದು ಹಾಕಿದ್ದೇವೆ. ನಾವು ಆರಿಸುವುದನ್ನು ಯಾವಾಗ ಬಿಟ್ಟೆವು ಗೊತ್ತಾ? ಆರ್ಡರ್ ಜಾಸ್ತಿ ಆದ ಮೇಲೆ. ಸಂಘದಲ್ಲಿ ಕೂಲಿ ಕೊಡುವುದು ಎಷ್ಟು ಕೆಜಿ ಪ್ಯಾಕ್ ಮಾಡಿದಿರಿ ಅನ್ನುವ ಲೆಕ್ಕದಲ್ಲಿ. ಕುಂತು ಕಾಳು ಆರಿಸಿದವಳಿಗೆ ಕೈಗೇನು ಬರುತ್ತದೆ? ಆ ಲೆಕ್ಕ ಬರೆದವಳು ನಾನೇ.

ಉಳಿದ ಎರಡು ಚೀಲ ಗಾಣಕ್ಕೆ ಕೊಟ್ಟರೆ ನಡೆಯುತ್ತದಾ? ದುಡ್ಡಾದರೂ ಸ್ವಲ್ಪ ವಾಪಸ್ ಬರಲಿ ಅಂತ. ನಮ್ಮತ್ತೆ ಎಮ್ಮೆಗೆ ಹಾಕು ಅನ್ನುತ್ತಿದ್ದಾರೆ.

ಲ್ಯಾಬಿನವ, ರಾಯಚೂರು

ಎರಡೂ ಬೇಡ ಅಕ್ಕಾ. ಎಮ್ಮೆ ತಿಂದರೆ ಆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲಿನ ಮಿತಿ ಇನ್ನೂ ಬಿಗಿ, ಕೆಜಿಗೆ 0.5 ಮೈಕ್ರೋಗ್ರಾಂ. ಹಾಲು ಕುಡಿಯುವುದು ಮಕ್ಕಳು.

ಗಾಣಕ್ಕೆ ಕೊಟ್ಟರೆ ವಿಷದ ಹೆಚ್ಚಿನ ಪಾಲು ಹಿಂಡಿಗೆ ಹೋಗುತ್ತದೆ. ನಿಮ್ಮ ಹಿಂಡಿಯಲ್ಲ, ದನದ ಹಿಂಡಿ! ಮತ್ತೆ ಅದೇ ಎಮ್ಮೆ, ಅದೇ ಹಾಲು. ರಿಫೈನ್ ಮಾಡದ ಎಣ್ಣೆಯಲ್ಲೂ ಒಂದಿಷ್ಟು ಉಳಿಯುತ್ತದೆ. ಗಾಣದ ಎಣ್ಣೆ ಆರೋಗ್ಯ ಅನ್ನುವವರು ಗಾಣಕ್ಕೆ ಯಾವ ಕಾಳು ಬಿತ್ತು ಅಂತ ಕೇಳುವುದೇ ಇಲ್ಲ. ಮಾರುಕಟ್ಟೆಯಲ್ಲಿ ಆರಿಸಿ ಬಿಟ್ಟ ಕಾಳು ಕೊನೆಗೆ ಹೋಗುವುದು ಎಲ್ಲಿಗೆ ಅಂತ ದಲಾಲಿ ಅಣ್ಣನವರೇ ಹೇಳಲಿ.

ಈ ವಿಷ ಜಗತ್ತಿಗೆ ಗೊತ್ತಾಗಿದ್ದೇ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಅವಕ್ಕೆ ಹಾಕಿದ್ದು ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿ. ನಮ್ಮಲ್ಲೂ ಆಗಿದೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಬೇರೆ ತಿನ್ನೋಕೆ ಇಲ್ಲದ ಬಡವರು. ಅದು ಒಮ್ಮೆಲೇ ಜಾಸ್ತಿ ಹೊಟ್ಟೆಗೆ ಹೋದಾಗಿನ ಕತೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ತಿಂದರೆ ಲಿವರ್ ಕ್ಯಾನ್ಸರಿಗೆ ದಾರಿ.

ದಲಾಲಿ ಅಂಗಡಿ, ಬಳ್ಳಾರಿ

ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ನನ್ನ ಬಾಯಲ್ಲಿ ಯಾಕೆ ಹೇಳಿಸುತ್ತೀರಿ ಸರ್.

ಮಿರ್ಚಿ ಬಂಡಿ, ಬಳ್ಳಾರಿ

ನಾನು ಒಗ್ಗರಣೆ ಮಿರ್ಚಿ ಬಂಡಿಯವನು. ಕೂಲಿ ಲೆಕ್ಕದ ಮಾತು ಓದಿ ಬರೆಯಬೇಕು ಅನ್ನಿಸಿತು. ನಮ್ಮ ಕತೆಯೂ ಅದೇ.

ಬಾಣಲೆಯ ಎಣ್ಣೆ ಹಳೇದಾದರೆ ಕಣ್ಣಿಗೇ ಕಾಣುತ್ತದೆ. ಮಿರ್ಚಿ ಬಿಟ್ಟ ಕೂಡಲೇ ಸಣ್ಣ ನೊರೆ ಏಳುತ್ತದೆ, ಇಳಿಯುವುದೇ ಇಲ್ಲ. ಬೆಂಕಿ ಸಣ್ಣದಿದ್ದರೂ ಹೊಗೆ. ಬೆರಳಿಗೆ ಅಂಟಂಟು. ಎಣ್ಣೆ ಕೆಟ್ಟಾಗ ಹುಟ್ಟುವ ಪೋಲಾರ್ ಅಂಶ 25 ಪರ್ಸೆಂಟ್ ದಾಟಬಾರದು ಅಂತ 2018ರ ಜುಲೈಯಿಂದ ನಿಯಮ ಇದೆಯಂತೆ. ಅಳೆಯುವ ಮೀಟರ್ ನನ್ನ ಹತ್ತಿರ ಎಲ್ಲಿಂದ ಬರಬೇಕು? ನನಗೆ ನೊರೆಯೇ ಮೀಟರ್. ಮೊದಲೆಲ್ಲ ಸಂಜೆ ಉಳಿದ ಎಣ್ಣೆಗೆ ಮರುದಿನ ಹೊಸದು ಸುರಿದು ಸುರಿದು ಹತ್ತು ದಿನ ಓಡಿಸುತ್ತಿದ್ದೆ. ಈಗ ಸಣ್ಣ ಬಾಣಲೆ ತಂದಿದ್ದೇನೆ. ಎಣ್ಣೆ ಕಡಿಮೆ ಹಿಡಿಯುತ್ತದೆ, ಸಂಜೆಗೆ ತಳ ಕಾಣುತ್ತದೆ. ಅಷ್ಟೇ ಬದಲಾವಣೆ.

ಬಣ್ಣದ ವಿಷಯ ಬೇರೆ. 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೆ, ಜೂನಿನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ನಿಲ್ಲಿಸಿತಲ್ಲ, ಆಗ ಪಕ್ಕದ ಬಂಡಿಯ ಹುಡುಗ ಒಂದು ವಾರ ಬಣ್ಣವಿಲ್ಲದ ಗೋಬಿ ಮಾಡಿದ. ಜನ "ಏನಪ್ಪಾ ಗೋಬಿಗೆ ಜ್ವರ ಬಂದಿದೆಯಾ" ಅಂತ ಕೇಳಿದರು. ಕೊನೆಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದ. ಬಣ್ಣ ಬಂತು, ಖರ್ಚೂ ಬಂತು. ಪ್ಲೇಟಿಗೆ 5 ರೂಪಾಯಿ ಏರಿಸಿದ್ದಕ್ಕೆ ಅರ್ಧ ಗಿರಾಕಿ ಎದುರಿನ ಬಂಡಿಗೆ ಹೋದರು. ತಿನ್ನುವವರಿಗೂ ಸ್ವಲ್ಪ ಹೇಳಿ ಸರ್.

ಸುಮ್ನೆ ಕೇಳಿದೆ

ಅದನ್ನೇ ನಾನು ಹೇಳಿದ್ದು. ಇನ್ಸ್‌ಪೆಕ್ಟರ್ ಬರುವುದು ದೀಪಾವಳಿಗೆ, ಒಂದು ಡಬ್ಬಿ ಸ್ವೀಟ್ ತೆಗೆದುಕೊಂಡು ಹೋಗೋಕೆ.

ಬಿಸಿಯೂಟದ ಮೇಷ್ಟ್ರು, ಯಲಬುರ್ಗಾ ಕಡೆ

ಇನ್ಸ್‌ಪೆಕ್ಟರ್ ಬಂದಾಗ ಅಡುಗೆಮನೆ ಹೇಗಿತ್ತು ಅನ್ನುವುದಕ್ಕಿಂತ ಬಾರದ ದಿನ ಹೇಗಿರುತ್ತದೆ ಅನ್ನುವುದೇ ನನ್ನ ತಲೆನೋವು.

ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಮೊದಲು ನಾವು ಊಟ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಒಳ್ಳೆಯ ನಿಯಮ. ಆದರೆ ಮೇಲಿನ ಮಾತು ಓದಿದ ಮೇಲೆ ಯೋಚನೆಗೆ ಬಿದ್ದೆ. ನನ್ನ ನಾಲಿಗೆ ಉಪ್ಪು ಹೇಳುತ್ತದೆ, ಹಳಸಿದ್ದು ಹೇಳುತ್ತದೆ. ಅಫ್ಲಾಟಾಕ್ಸಿನ್ ಹೇಳುವುದಿಲ್ಲವಲ್ಲ.

2013ರ ಜುಲೈ. ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಊಟದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ. ಅದರ ಡಬ್ಬಿಯಲ್ಲಿ ಅಡುಗೆ ಎಣ್ಣೆ ಇಟ್ಟಿದ್ದರು ಅಂತ ತನಿಖೆಯಲ್ಲಿ ಬಂತು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಮನೆಗಳಲ್ಲಿ ಎಣ್ಣೆ ಹೊಡೆದು ಖಾಲಿಯಾದ ಡಬ್ಬಿ ಎಷ್ಟು ಗಟ್ಟಿ ಇರುತ್ತದೆ, ಮುಚ್ಚಳ ಎಷ್ಟು ಬಿಗಿ! ಎಸೆಯೋಕೆ ಮನಸ್ಸೇ ಬರುವುದಿಲ್ಲ. ಬಯಲಿಗೆ ಹೋಗುವಾಗ ನೀರಿಗೆ, ಡೀಸೆಲ್ ತರೋಕೆ, ಕೆಲವರ ಮನೆಯಲ್ಲಿ ಸೀಮೆಎಣ್ಣೆಗೆ. (ನಾವು ಕೀಟನಾಶಕಕ್ಕೂ ಎಣ್ಣೆ ಅಂತೇವೆ, ಅಡುಗೆಗೆ ಹಾಕುವುದಕ್ಕೂ ಎಣ್ಣೆ ಅಂತೇವೆ. ಚಿಕ್ಕ ಮಕ್ಕಳಿಗೆ ಏನು ಗೊತ್ತಾಗಬೇಕು.) ನಮ್ಮ ಶಾಲೆಯಲ್ಲಿ ಈಗ ಒಂದೇ ಹಟ. ಅಡುಗೆ ಕೋಣೆಗೆ ಕಂಪನಿ ಸೀಲ್ ಇಲ್ಲದ ಎಣ್ಣೆ ಬರುವ ಹಾಗಿಲ್ಲ. ಡಬ್ಬಿ ಖಾಲಿಯಾದ ದಿನವೇ ಮೊಳೆಯಿಂದ ತೂತು ಹೊಡೆಯಬೇಕು. ಅಡುಗೆಯ ಅಕ್ಕನವರು ಮೊದಮೊದಲು ನಕ್ಕರು. ಈಗ ಅವರೇ ನೆನಪಿಟ್ಟು ಹೊಡೆಯುತ್ತಾರೆ.

ಅಡುಗೆ ಕಂಟ್ರಾಕ್ಟ್, ಗಂಗಾವತಿ

ಮದುವೆ, ಗೃಹಪ್ರವೇಶದ ಅಡುಗೆ ಮಾಡುತ್ತೇನೆ. ನನ್ನ ಅನುಭವವೂ ಒಂದು ಇರಲಿ.

ಏಪ್ರಿಲ್ ತಿಂಗಳ ಮದುವೆ. ರಾತ್ರಿ ಊಟಕ್ಕೆ ಮಾಡಿದ ಅನ್ನ ಒಂದು ದೊಡ್ಡ ಡಬರಿ ಉಳಿಯಿತು. ಮುಚ್ಚಿ ಇಟ್ಟೆವು. ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ, ರಾತ್ರಿ ಹನ್ನೆರಡಕ್ಕೂ ಗೋಡೆ ಬಿಸಿ. ಬೆಳಿಗ್ಗೆ ಅದೇ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕಿ ಬೀಗರಿಗೆ ಬಡಿಸಿದೆವು. ಘಮಘಮ ಅಂತಿತ್ತು. ಬೆಳಿಗ್ಗೆ ಹತ್ತು ಹೊಡೆಯುವುದರೊಳಗೆ ಮೂವತ್ತು ಜನಕ್ಕೆ ವಾಂತಿ. ಎಲ್ಲರೂ ನೀರಿನ ಮೇಲೆ ತಪ್ಪು ಹಾಕಿದರು, ನಾನೂ ಸುಮ್ಮನಿದ್ದೆ. ಆಮೇಲೆ ಒಬ್ಬ ಡಾಕ್ಟರ್ ಹೇಳಿದರು, ಅಷ್ಟು ಬೇಗ ವಾಂತಿ ಬಂದರೆ ಅನ್ನದ ಮೇಲೇ ಅನುಮಾನ, ಬೇಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ ಅಂತ. ಅದರ ಬೀಜ ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಯ ಬಿಸಿಗೆ ಜಗ್ಗುವುದೇ ಇಲ್ಲ.

ಈಗ ಡಬರಿ ಮುಚ್ಚಿಡುವುದಿಲ್ಲ. ಉಳಿದ ಅನ್ನ ಫ್ರಿಜ್ಜಿಗೆ ಹೋಗಬೇಕಿದ್ದರೆ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಆವಿ ಹೋದ ಕೂಡಲೇ ಒಳಗಿಡುತ್ತೇವೆ. ಇಲ್ಲದಿದ್ದರೆ ಆ ರಾತ್ರಿಯೇ ಹಂಚಿಬಿಡುತ್ತೇವೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ ಇರಬೇಕು, ತಣ್ಣನೆಯದು 5ಕ್ಕಿಂತ ಕೆಳಗೆ. ನಡುವೆ ಇದ್ದರೆ ಗಡಿಯಾರ ನೋಡಬೇಕು. 300 ರೂಪಾಯಿಯ ಥರ್ಮಾಮೀಟರ್ ತಂದೆ. ಸಾರಿನಲ್ಲಿ ಅದ್ದಿ ನೋಡುವಾಗ ನಮ್ಮ ಹುಡುಗರು "ಸಾರಿಗೆ ಜ್ವರ ನೋಡ್ತಾರೆ" ಅಂತ ನಗುತ್ತಾರೆ. ಈ ಊರಲ್ಲಿ ಎಲ್ಲದಕ್ಕೂ ಜ್ವರವೇ.

ಲ್ಯಾಬಿನವ, ರಾಯಚೂರು

ಕಂಟ್ರಾಕ್ಟ್ ಅಣ್ಣ ಹೇಳಿದ್ದನ್ನೇ ದೊಡ್ಡ ಕಾರ್ಖಾನೆಯವರು ಹ್ಯಾಸಪ್ ಅಂತ ಕರೆಯುತ್ತಾರೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಗಗನಯಾತ್ರಿಗಳ ಊಟಕ್ಕೆ ಹುಟ್ಟಿದ ಪದ್ಧತಿ ಅದು. ಮೇಲೆ ಹೋದವನಿಗೆ ಹೊಟ್ಟೆ ಕೆಟ್ಟರೆ ಆಸ್ಪತ್ರೆ ಎಲ್ಲಿ? ಎಲ್ಲ ಪ್ಯಾಕೆಟ್ ಒಡೆದು ಪರೀಕ್ಷೆ ಮಾಡಿದರೆ ಕಳಿಸೋಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಅವರು ಯೋಚಿಸಿದ್ದು ಇಷ್ಟೇ: ಎಲ್ಲಿ ಕೆಡಬಹುದು, ಯಾವ ಹಂತದಲ್ಲಿ ತಡೆಯಬಹುದು, ತಡೆದೆವಾ ಅಂತ ಹೇಗೆ ಗೊತ್ತಾಗುತ್ತದೆ, ತಪ್ಪಿದರೆ ಏನು ಮಾಡಬೇಕು, ಎಲ್ಲಿ ಬರೆದಿಡಬೇಕು. ಮಿರ್ಚಿ ಅಣ್ಣನ ಸಣ್ಣ ಬಾಣಲೆ, ಮೇಷ್ಟ್ರ ಮೊಳೆ, ಎಲ್ಲ ಅದೇ ಜಾತಿಯವು.

ಶೇಂಗಾಕ್ಕೆ ಪರೀಕ್ಷೆ ಇನ್ನೂ ಕಷ್ಟ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರ ಕಾಳಲ್ಲಿ ಒಂದೆರಡರಲ್ಲೇ ತುಂಬಿಕೊಂಡಿರುತ್ತದೆ. ಒಂದು ಹಿಡಿ ತಂದು "ಟೆಸ್ಟ್ ಮಾಡಿ ಸರ್" ಅಂದರೆ, ಆ ಹಿಡಿಯಲ್ಲಿ ಆ ಕಾಳು ಬಂತಾ ಇಲ್ಲವಾ ಅನ್ನುವುದರ ಮೇಲೆ ರಿಪೋರ್ಟ್. ಚೀಲದ ಮೇಲೆ, ನಡುವೆ, ತಳದಿಂದ ತೆಗೆದು, ಕೆಲವು ಕೆಜಿಯನ್ನು ಒಟ್ಟಿಗೆ ಪುಡಿ ಮಾಡಿ ಅದರಲ್ಲಿ ಮಾದರಿ ತೆಗೆಯಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಮತ್ತು ಆಹಾರ ಗುಣಮಟ್ಟ ನೋಡುವ ಪ್ರಯೋಗಾಲಯ ಇದೆ. ಹೋಗುವ ಮೊದಲು ಎಷ್ಟು ಮಾದರಿ ತರಬೇಕು ಅಂತ ಕೇಳಿಕೊಂಡು ಹೋಗಿ.

"ಸುಮ್ನೆ ಕೇಳಿದೆ" ಅವರೇ, ನಿಮಗೂ ಒಂದು ಮಾತು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಲ್ಲಿ ಕೊಂಡವರೇ ಫೀ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು ಅಂತ ಇದೆ. ಮಾಲು ಕೆಟ್ಟದ್ದು ಅಂತ ಬಂದರೆ ಫೀ ವಾಪಸ್. ಇನ್ಸ್‌ಪೆಕ್ಟರಿಗೇ ಕಾಯಬೇಕಿಲ್ಲ.

ಮಸಾರಿ ಹೊಲ, ಕುಷ್ಟಗಿ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಮಾತಾಡಿದಿರಿ, ಬೆಳೆದವನನ್ನು ಯಾರೂ ಕೇಳಲಿಲ್ಲ.

ನಾನು ನಾಲ್ಕು ಎಕರೆ ಶೇಂಗಾ ಹಾಕುತ್ತೇನೆ. ಒಣಗಿಸೋದು ನಮಗೆ ಗೊತ್ತಿಲ್ಲ ಅಂತಲ್ಲ. ಬಳ್ಳಿ ಕಿತ್ತು ಕಾಯಿ ಮೇಲೆ ಬರೋ ಹಾಗೆ ಬುಡಮೇಲು ಹಾಕಬೇಕು. ಕಾಯಿ ಬಿಡಿಸಿದ ಮೇಲೆ ನೆಲಕ್ಕಲ್ಲ, ತಾಡಪತ್ರಿ ಮೇಲೆ ತೆಳ್ಳಗೆ ಹರಡಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಕಾಳನ್ನು ಹಲ್ಲಲ್ಲಿ ಕಡಿದರೆ ಟಕ್ ಅಂತ ಮುರಿಯಬೇಕು, ಹಿಸುಕಬಾರದು. ನಮ್ಮಪ್ಪ ಹೇಳಿಕೊಟ್ಟದ್ದು ಇದೇ.

ಈಗ ಲೆಕ್ಕ ಕೇಳಿ. ಒಂದು ಕ್ವಿಂಟಲ್ ಅರೆಹಸಿ ಕಾಯಿಯನ್ನು ಇನ್ನೂ ನಾಲ್ಕು ದಿನ ಒಣಗಿಸಿದರೆ ಹತ್ತು ಕೆಜಿ ಹೋಗುತ್ತದೆ. ಕಾಯೋಕೆ ಆಳು ಬೇಕು, ರಾತ್ರಿ ಇಬ್ಬನಿಗೆ ಮುಚ್ಚಬೇಕು, ಹಂದಿ ಓಡಿಸಬೇಕು. ಅಡತಿಗೆ ಒಯ್ದರೆ ಒಣಗಿದ್ದಕ್ಕೂ ಅದೇ ರೇಟು, ಪಕ್ಕದವನ ಹಸಿ ಕಾಯಿಗೂ ಅದೇ ರೇಟು. ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಬೆಲೆ ಕೂಗುತ್ತಾರೆ. ಹತ್ತು ಕೆಜಿ ನನ್ನದು ಗಾಳಿಗೆ ಹೋಯಿತು. ಯಾವ ಪುಣ್ಯಕ್ಕೆ ಒಣಗಿಸಲಿ, ಹೇಳಿ?

ದಲಾಲಿ ಅಂಗಡಿ, ಬಳ್ಳಾರಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಣಗಿದ ಮಾಲಿಗೆ ನನಗೂ ಮುಂದಿನವನು ಜಾಸ್ತಿ ಕೊಡುವುದಿಲ್ಲ. ಹೊರದೇಶಕ್ಕೆ ಕಳಿಸುವವರು ಮಾತ್ರ ತೇವದ ಮೀಟರ್ ಹಿಡಿದು ಕೂರುತ್ತಾರೆ. ನಾವು ತಿನ್ನುವ ಶೇಂಗಾಕ್ಕೆ ಕೈಯೇ ಮೀಟರ್.

ಹಿಂಡಿ ಅಕ್ಕ, ಕೊಪ್ಪಳ

ನಾಲ್ಕು ದಿನ ಆಯಿತು, ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ.

40 ಕೆಜಿ ಹಿಂಡಿಯನ್ನು ಹಿತ್ತಲಲ್ಲಿ ಗುಂಡಿ ತೋಡಿ ಹುಗಿದೆವು. ಅತ್ತೆ ಮಾತು ಬಿಟ್ಟಿದ್ದಾರೆ. ಉಳಿದ ಎರಡು ಚೀಲದಲ್ಲಿ 10 ಕೆಜಿ ಕಾಳನ್ನು ನಾವೇ ನಾಲ್ಕು ಜನ ಕಿಟಕಿ ಬೆಳಕಿಗೆ ಕುಂತು ಆರಿಸಿದೆವು. ಸುಕ್ಕಿದ್ದು, ಬೇಳೆಯಾದದ್ದು, ಮೂತಿ ಕಪ್ಪಾದದ್ದು ಎಲ್ಲ ಸೇರಿ 900 ಗ್ರಾಂ ಹೊರಬಿತ್ತು. ಒಂದಷ್ಟು ಹುರಿದು ಸಿಪ್ಪೆ ತಿಕ್ಕಿದ ಮೇಲೆ ಇನ್ನೂ ಹತ್ತಿಪ್ಪತ್ತು ಕಂದು ಕಾಳು ಕಂಡವು. ಸಿಪ್ಪೆಯೊಳಗೆ ಅಡಗಿ ಕೂತಿದ್ದವು. ಅವನ್ನು ನೋಡಿದ ಮೇಲೆ ಎರಡೂ ಚೀಲ ಗುಂಡಿಗೇ ಹೋದವು.

ಯಾರ ಹೊಲದ್ದು ಅಂತ ಹುಡುಕೋಕೆ ಹೋದೆ. ಬಿಲ್ಲಿಲ್ಲ. ಅಂಗಡಿಯವರಿಗೂ ಗೊತ್ತಿಲ್ಲ, ಮೂರು ಕಡೆಯ ಮಾಲು ಕೂಡಿಸಿದ್ದಾರಂತೆ. ಈಗ ಗೋಡೆಗೆ ಒಂದು ಪುಸ್ತಕ ನೇತು ಹಾಕಿದ್ದೇವೆ. ಚೀಲ ಬಂದ ದಿನ, ಕೊಟ್ಟವರು, ಊರು, ಬಿಚ್ಚಿದ ದಿನ. ಪ್ಯಾಕೆಟ್ ಮೇಲೆ ಅದೇ ನಂಬರ್. ಇನ್ನು ಮೇಲೆ ಆರಿಸುವವರಿಗೆ ದಿನಗೂಲಿ, ಪ್ಯಾಕ್ ಮಾಡುವವರಿಗೆ ಕೆಜಿ ಲೆಕ್ಕ. ಇದಕ್ಕೆ ಸಭೆಯಲ್ಲಿ ಜಗಳವೇ ಆಯಿತು. ಹಿಂಡಿಗೆ ಕೆಜಿಗೆ 30 ರೂಪಾಯಿ ಏರಿಸಬೇಕಾಗುತ್ತದೆ. ಬೆಂಗಳೂರಿನವರು ಒಪ್ಪುತ್ತಾರಾ ಗೊತ್ತಿಲ್ಲ, ಫೋನ್ ಮಾಡಿ ಬರುತ್ತೇವೆ ಅಂದಿದ್ದಾರೆ.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತದೆ, ವಾರ ಮೊದಲೇ ಬಡಿದದ್ದು. ಕೆಡುವುದಿಲ್ಲ, ಯಾಕೆಂದರೆ ಹೆಂಚಿನ ಮೇಲೆ ನೀರೆಲ್ಲ ಹೋಗಿ ಖಡಕ್ ಆಗಿರುತ್ತದೆ. ರೊಟ್ಟಿಯಲ್ಲಿ ಇಷ್ಟು ಗೊತ್ತಿದ್ದವರು ಶೇಂಗಾ ಕೊಳ್ಳುವಾಗ ಒಮ್ಮೆಯೂ ಕಡಿದು ನೋಡಲಿಲ್ಲ ನೋಡಿ.

ಕುಷ್ಟಗಿ ಅಣ್ಣಾ, ನಿಮ್ಮ ಗಲಗಲ ಅನ್ನುವ ಕಾಯಿ ನಮಗೆ ಬೇಕು. ಅಡತಿಯ ಆ ದಿನದ ರೇಟಿನ ಮೇಲೆ ಕ್ವಿಂಟಲಿಗೆ 600 ಕೊಡುತ್ತೇವೆ. ನಾವೇ ಕೈಯಲ್ಲಿ ಸುಲಿದುಕೊಳ್ಳುತ್ತೇವೆ, ಮಷೀನಿಗೆ ಹಾಕುವುದಿಲ್ಲ.

ಮಸಾರಿ ಹೊಲ, ಕುಷ್ಟಗಿ

600ಕ್ಕೆ ಆ ಹತ್ತು ಕೆಜಿ ಹೊರಡುತ್ತದೆ ಅಕ್ಕಾ, ಆಳಿನ ಕೂಲಿ ಹೊರಡುವುದಿಲ್ಲ. 800 ಮಾಡಿ. ಮೊದಲು ಎರಡು ಕ್ವಿಂಟಲ್ ತರುತ್ತೇನೆ, ಕಡಿದು ನೋಡಿ, ಹಿಸುಕಿದರೆ ವಾಪಸ್ ಒಯ್ಯುತ್ತೇನೆ.

ಹಿಂಡಿ ಅಕ್ಕ, ಕೊಪ್ಪಳ

700. ರವಿವಾರ ಬನ್ನಿ, ಊಟ ನಮ್ಮಲ್ಲೇ. ಹೊಸ ಗೋಣಿಚೀಲದಲ್ಲಿ ತನ್ನಿ ಅಣ್ಣಾ, ಗೊಬ್ಬರದ ಚೀಲ ಬೇಡ.